ಹರಿಗೋಲಿನ ಹಗ್ಗ

ತುಂಗಭದ್ರೆಯ ದಡದಲ್ಲೊಂದು ಮಠ, ಮಠಕ್ಕೊಂದು ಹೈಸ್ಕೂಲು.

ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ಮಠ ಬಿಟ್ಟು ಹೊರಡುವ ದಿನ ಅಲ್ಲೊಂದು ಪದ್ಧತಿ ಇತ್ತು. ಗುರುಗಳಾದ ಅಜ್ಜಯ್ಯನ ಮುಂದೆ ನಿಂತು, ಇನ್ನು ಮುಂದೆ ಏನು ಕಲಿಯುತ್ತೇನೆಂದು ಹೇಳಬೇಕು. ಆಮೇಲೆ ಹರಿಗೋಲಿನಲ್ಲಿ ಒಬ್ಬರೇ ಕೂತು, ತಾವೇ ಹುಟ್ಟು ಹಾಕಿ ಹೊಳೆ ದಾಟಬೇಕು. ಬೇಸಿಗೆಯ ಹೊಳೆ, ಕೂಗಿದರೆ ಆಚೆ ದಡಕ್ಕೆ ಕೇಳುವಷ್ಟೇ ಅಗಲ. ಖಾಲಿ ಹರಿಗೋಲನ್ನು ಹಿಂದಕ್ಕೆ ಎಳೆದುಕೊಳ್ಳಲು ಅದಕ್ಕೊಂದು ಉದ್ದನೆಯ ಹಗ್ಗ.

ಆ ವರ್ಷ ಮಕ್ಕಳನ್ನು ಅಣಿಗೊಳಿಸಿದವಳು ದಾಕ್ಷಾಯಿಣಿ. ಬಿ.ಎಡ್. ಮುಗಿಸಿ ಅಜ್ಜಯ್ಯನ ಶಿಷ್ಯೆಯಾಗಿ ಬಂದವಳು. ಮಾತು ಕಡಿಮೆ. ಆಡಿದರೂ ಎದುರಿಗಿದ್ದವರು "ಏನಂದೆ?" ಎಂದು ಇನ್ನೊಮ್ಮೆ ಕೇಳಬೇಕು.

"ಅಜ್ಜಯ್ಯ, ನಾನು ಇಲ್ಲಿ ಟೀಚರ್ ಆಗಬಹುದಾ?" ಎಂದು ಅವಳು ಕೇಳಿದ್ದಳು.

"ನೋಡೋಣ ಕೂಸೇ. ಮೊದಲು ಈ ಮಕ್ಕಳಿಗೆ ಮುಂದಿನ ದಾರಿ ತೋರಿಸು."

ಅವಳು ಒಬ್ಬೊಬ್ಬರ ಅಂಕ ನೋಡಿದಳು. ಒಬ್ಬೊಬ್ಬರಿಗೂ ಒಂದೊಂದು ಉತ್ತರ ಕೊಟ್ಟು, ತಡವರಿಸದೆ ಹೇಳುವ ಹಾಗೆ ಮಾಡಿದಳು.

ಹೊರಡುವ ದಿನ ಬಂತು.

"ಐಟಿಐ ಸೇರಿ ಫಿಟ್ಟರ್ ಆಗ್ತೀನಿ ಅಜ್ಜಯ್ಯ."

"ಡಿಪ್ಲೊಮಾ. ಸಿವಿಲ್."

"ಪಿಯುಸಿ ಸೈನ್ಸು."

ಒಬ್ಬೊಬ್ಬರೇ ದಾಟಿದರು. ದಾಕ್ಷಾಯಿಣಿಗೆ ಒಳಗೊಳಗೇ ಹೆಮ್ಮೆ. ಕೊನೆಗೆ ಉಳಿದವಳು ಅಂಬಿಕಾ.

"ನೀನೇನಮ್ಮ?"

ಅಂಬಿಕಾ ದಾಕ್ಷಾಯಿಣಿಯತ್ತ ನೋಡಿದಳು.

"ನರ್ಸಿಂಗ್ ಅನ್ನು," ದಾಕ್ಷಾಯಿಣಿ ಪಿಸುಗುಟ್ಟಿದಳು.

"ಗೊತ್ತಿಲ್ಲ ಅಜ್ಜಯ್ಯ," ಎಂದಳು ಅಂಬಿಕಾ.

ಆಚೆ ದಡದಲ್ಲಿ ಅವಳ ಸೋದರಮಾವ ಬೈಕಿನ ಮೇಲೆ ಕೂತು ಕಾಯುತ್ತಿದ್ದ. ಇವಳು ಏನೂ ಹೇಳದಿದ್ದರೆ ತನಗೆ ತೋಚಿದ ಕಾಲೇಜಿಗೆ ಸೇರಿಸಿಬಿಡುತ್ತೇನೆಂದು ಅವನು ಮೊದಲೇ ಹೇಳಿದ್ದ.

ದಾಕ್ಷಾಯಿಣಿ ತಲೆ ತಗ್ಗಿಸಿದಳು. "ನಿನ್ನೆ ಸರಿಯಾಗೇ ಹೇಳಿದ್ದಳು ಅಜ್ಜಯ್ಯ."

"ನಿನ್ನೆ ಹೇಳಿದ್ದು ನೀನು," ಎಂದರು ಅಜ್ಜಯ್ಯ. "ಅಂಬಿಕಾ, ಹತ್ತು. ಕೂಸೇ, ಹಗ್ಗ ನೀನು ಹಿಡಿ. ಎಳೀಬೇಡ."

ಅಂಬಿಕಾ ಒಂದೇ ಮಗ್ಗುಲಿಗೆ ಹುಟ್ಟು ಹಾಕಿದಳು. ಹರಿಗೋಲು ನಡುಹೊಳೆಗೆ ಹೋಗಿ, ಅಲ್ಲೇ ಗಿರಗಿರ ಸುತ್ತತೊಡಗಿತು.

"ಲೇ ಅಂಬಿ, ರೊಟ್ಟಿ ತಟ್ತಿದೀಯೇನೇ?" ಆಚೆ ದಡದಲ್ಲಿ ಮಕ್ಕಳು ನಕ್ಕರು.

"ನೋಡ್ರಿ, ನೀರಿಗಿಳಿದ್ರೂ ಗೊತ್ತುಗುರಿ ಇಲ್ಲ," ಎಂದ ಮಾವ.

ದಾಕ್ಷಾಯಿಣಿಯ ಕೈ ಹಗ್ಗವನ್ನು ಬಿಗಿ ಹಿಡಿಯಿತು. "ಎಳೆದುಬಿಡ್ಲಾ ಅಜ್ಜಯ್ಯ?"

"ಅವಳ ಮುಖ ಈಗ ಯಾವ ಕಡೆಗಿದೆ?"

ಅವಳು ನೋಡಿದಳು. "ಎಲ್ಲ ಕಡೆಗೂ."

ಅಜ್ಜಯ್ಯ ಕಲ್ಲಿನ ಮೇಲೆ ಕೂತರು.

ಅಂಬಿಕಾ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಹರಿಗೋಲು ನಿಧಾನವಾಯಿತು. ಅವಳು ಹೊಳೆಯ ಮೇಲುಗಡೆಯ ಪಂಪ್‌ಹೌಸಿನತ್ತ ನೋಡುತ್ತಿದ್ದಳು.

"ಅಕ್ಕಾ, ಆ ಪಂಪ್‌ಹೌಸಿಂದ ನೀರು ಗುಡ್ಡ ಹತ್ತುತ್ತಲ್ಲ, ಅದನ್ನ ನೋಡ್ಕೊಳ್ಳೋರು ಏನು ಓದಿರ್ತಾರೆ?"

ವರ್ಷವಿಡೀ ಅಂಬಿಕಾ ಇಂಥ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳು ಎಂದು ದಾಕ್ಷಾಯಿಣಿಯೂ ಹೇಳಿರಲಿಲ್ಲ.

"ನನಗೂ ಗೊತ್ತಿಲ್ಲ ಕಣೇ. ಹೋಗಿ ಕೇಳೋಣವಾ?"

"ಆಸ್ಪತ್ರೆಗೂ ಹೋಗೋಣ ಅಕ್ಕ. ನರ್ಸಿಂಗ್ ಬೇಡ ಅಂತಲ್ಲ. ಏನು ಅಂತ ನೋಡೇ ಇಲ್ಲ, ಅಷ್ಟೇ." ಅವಳು ಆಚೆ ದಡದತ್ತ ತಿರುಗಿ ನೋಡಿದಳು. "ಆದ್ರೆ ಮಾವ ಬಿಡಲ್ಲ."

ಮಾವ ಆಗಲೇ ಬೈಕು ಚಾಲೂ ಮಾಡಿದ್ದ.

ದಾಕ್ಷಾಯಿಣಿ ಹಗ್ಗ ಹಿಡಿದೇ ಮೊಣಕಾಲುದ್ದದ ನೀರಿಗಿಳಿದಳು.

"ಅಣ್ಣಾವ್ರೇ," ಎಂದು ಕೂಗಿದಳು. ಬೈಕಿನ ಸದ್ದಿನಲ್ಲಿ ಅದು ಮುಳುಗಿಹೋಯಿತು.

ಇನ್ನೊಮ್ಮೆ ಕೂಗಿದಳು. ಈ ಸಲ ದನಿ ಹೊಳೆ ದಾಟಿತು. "ಅಂಬಿಕಾನ ಇವತ್ತು ಕಳಿಸಲ್ಲ. ಪಂಪ್‌ಹೌಸು, ಆಸ್ಪತ್ರೆ, ಐಟಿಐ, ಎಲ್ಲ ಕಡೆ ಕರ್ಕೊಂಡು ಹೋಗ್ತೀನಿ. ಕೆಲಸ ಮಾಡೋರನ್ನ ಅವಳೇ ಮಾತಾಡಿಸಲಿ. ಏನು ಓದ್ತೀನಿ ಅಂತ ಆಮೇಲೆ ಅವಳೇ ನಿಮಗೆ ಹೇಳ್ತಾಳೆ. ಬೇಕಾದ್ರೆ ನೀವೂ ಜೊತೆಗೆ ಬನ್ನಿ."

ಆಗಲೇ ದಾಟಿದ್ದ ಹುಡುಗನೊಬ್ಬ ಕೈ ಎತ್ತಿದ.

"ಅಕ್ಕಾ, ನಾನೂ ವಾಪಸ್ ಬರ್ಲಾ? ಫಿಟ್ಟರ್ ಅಂದ್ರೆ ಏನು ಮಾಡ್ತಾರೆ?"

"ಬಾರೋ," ಎಂದಳು ದಾಕ್ಷಾಯಿಣಿ. ಹಗ್ಗ ಅವಳ ಅಂಗೈಯಲ್ಲಿ ಸಡಿಲವಾಗಿಯೇ ಇತ್ತು.

ಮಾವ ಬೈಕು ಆರಿಸಿ ಸ್ಟ್ಯಾಂಡು ಹಾಕಿದ. ಕಣ್ಣಿಗೆ ಕೈ ಅಡ್ಡ ಹಿಡಿದು ಈಚೆ ದಡದತ್ತ ನೋಡಿದ.

"ಅಜ್ಜಯ್ಯಾ, ಅಷ್ಟು ಜೋರಾಗಿ ಮಾತಾಡ್ತಿರೋದು ಯಾರ್ರಿ ಅದು?"

ಅಜ್ಜಯ್ಯ ಕಲ್ಲಿನ ಮೇಲಿಂದ ಎದ್ದು ನಿಂತರು.

"ನಮ್ಮ ಟೀಚರು."