ಹಲಗೆಗೆ ಅಂಟಿಸಿದ ಮುಖ

ಸರಕಿನಲ್ಲಿ ಎರಡು ಬಗೆ. ಕೆಟ್ಟರೆ ಮತ್ತೆ ತರಿಸಬಹುದಾದದ್ದು ಒಂದು, ಕೆಟ್ಟರೆ ಕೆಟ್ಟೇ ಹೋಗುವಂಥದ್ದು ಇನ್ನೊಂದು. ಜಪಾನಿನ ಎಡೊ ಪಟ್ಟಣದ ನದಿ ದಂಡೆಯಲ್ಲಿ ಅಚ್ಚಿನ ಹಲಗೆ ಕೆತ್ತುತ್ತಿದ್ದ ಇಸಾಕುವಿನ ಮನೆಗೆ ಆ ಚಳಿಗಾಲದಲ್ಲಿ ಬಂದದ್ದು ಎರಡನೆಯ ಬಗೆಯದು.

ಒಂದು ಹಾಳೆ. ಈರುಳ್ಳಿ ಸಿಪ್ಪೆಯಷ್ಟು ತೆಳು. ಅದರ ಮೇಲೆ ಮಸಿಯಲ್ಲಿ ಬರೆದ ಕಬುಕಿ ನಾಟಕದ ನಟನೊಬ್ಬನ ಚಿತ್ರ. ತನ್ನ ನೆತ್ತಿಯ ಮೇಲೆ ಯಾರೋ ಕತ್ತಿ ಎತ್ತಿದ್ದನ್ನು ಕಂಡು ರಂಗದ ನಡುವೆ ಕಲ್ಲಾಗಿ ನಿಂತವನ ಮುಖ.

ಬರೆದ ಮುದುಕ ಚಿತ್ರಗಾರನಿಗೆ ಆಮೇಲೆ ಕಣ್ಣು ಪೂರಾ ಹೋಯಿತು. ಇನ್ನೊಂದು ಬರೆಯಲಾರ.

ಕೆತ್ತುವ ಕ್ರಮ ಕೇಳಿದರೆ ಭಯ ಯಾಕೆಂದು ತಿಳಿಯುತ್ತದೆ. ಚಿತ್ರವನ್ನು ಬೋರಲಾಗಿ ಚೆರ್ರಿ ಹಲಗೆಗೆ ಅಂಟಿಸಬೇಕು. ಹಿಂಬದಿಯ ಕಾಗದವನ್ನು ಬೆರಳಿನಿಂದ ಉಜ್ಜಿ ಗೆರೆ ಕಾಣಿಸಬೇಕು. ಆ ಗೆರೆಯ ಅಂಚಿಗೇ ಚೂರಿ ಇಡಬೇಕು. ಕೆತ್ತನೆ ಮುಗಿಯುವಾಗ ಚಿತ್ರ ಇರುವುದಿಲ್ಲ. ಮರದಲ್ಲಿ ಉಳಿದದ್ದೇ ಉಳಿದದ್ದು.

ಮುಖ ಗುರುವಿನ ಪಾಲು, ಮಿಕ್ಕದ್ದು ಶಿಷ್ಯರ ಪಾಲು. ಅದು ಕಸುಬಿನ ಪದ್ಧತಿ. ಆದರೆ ಇಸಾಕುವಿನ ಮಣಿಕಟ್ಟು ಆ ವರ್ಷ ಕೈಕೊಟ್ಟಿತ್ತು. ಹನ್ನೆರಡು ವರ್ಷ ತನ್ನ ಬಳಿ ಕೆಲಸ ಮಾಡಿದ ಉಮೆಕಿಚಿಯ ಮುಂದೆ ಅವನು ಹಾಳೆ ಇಟ್ಟ. ನೀನೇ ಕೆತ್ತು ಎಂದ.

ಚಿತ್ರ ಅಚ್ಚು ಹಾಕಿಸಿ ಮಾರುವ ಧಣಿ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ. ನಾಟಕ ಶುರುವಾಗಲು ಹದಿನೈದೇ ದಿನ. ಅವನು ದನಿ ಏರಿಸಲಿಲ್ಲ.

"ಮರ ಬೇಕಾದಷ್ಟು ಸಿಗುತ್ತದೆ ಕಣಯ್ಯ, ಚೂರಿ ಹಿಡಿಯುವವರೂ ಸಿಗುತ್ತಾರೆ. ಇದು ಸಿಗಲ್ಲ. ಕೆಡಿಸಿದೆಯೋ, ಈ ಊರಲ್ಲಿ ಯಾವ ಕಾರ್ಖಾನೆಯೂ ನಿನ್ನನ್ನು ಹೊಸಿಲು ದಾಟಿಸದ ಹಾಗೆ ನೋಡಿಕೊಳ್ಳುತ್ತೇನೆ."

ಉಮೆಕಿಚಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಎರಡು ದಿನ ಅವನಿಗೆ ತುತ್ತು ಇಳಿಯಲಿಲ್ಲ. ಚಿತ್ರದ ಹಣೆಯಂಚಿನ ಕೂದಲು ನೋಡಿದರೆ ಕಿವಿ ಗುಂಯ್ ಎನ್ನುತ್ತಿತ್ತು. ಒಂದೊಂದೂ ಜೇಡನ ಎಳೆಯಷ್ಟು. ಒಂದು ಮುರಿದರೂ ಮುಖ ಹೋಯಿತು.

ಮೂರನೆಯ ದಿನ ಮಧ್ಯಾಹ್ನ ಗುರು ಬೀದಿಯ ಸ್ನಾನದ ಮನೆಗೆ ಹೋಗಿದ್ದ. ಉಮೆಕಿಚಿ ಇನ್ನೊಂದು ತೆಳು ಹಾಳೆಯನ್ನು ಚಿತ್ರದ ಮೇಲೆ ಹರಡಿ, ಗೆರೆ ತಪ್ಪದಂತೆ ನಕಲು ತೆಗೆದ. ನಕಲನ್ನು ಹಲಗೆಗೆ ಅಂಟಿಸಿದ. ಅಸಲನ್ನು ಮಡಿಸದೆ ತನ್ನ ಹಾಸಿಗೆಯ ಕೆಳಗೆ ಇಟ್ಟ.

ಆಮೇಲೆ ಕೈ ನಡುಗಲಿಲ್ಲ. ಕೆಟ್ಟರೆ ಇನ್ನೊಂದು ನಕಲು ತೆಗೆದರಾಯಿತು. ಮೂರೇ ದಿನಕ್ಕೆ ಮುಖ ಮುಗಿಯಿತು, ಒಂದು ಕೂದಲೂ ಮುರಿಯಲಿಲ್ಲ.

ಮಸಿ ಸವರಿ ಒಂದು ಪ್ರತಿ ತೆಗೆದು ಗುರುವಿನ ಮುಂದಿಟ್ಟ. ಇಸಾಕು ಬೆಳಕಿಗೆ ಹಿಡಿದು ನೋಡಿದ.

"ಕೆತ್ತುವಾಗ ಊಟ ಸೇರಿತೇನಯ್ಯ?"

"ಸೇರಿತು, ಗುರುಗಳೇ."

"ನಿದ್ದೆ?"

"ಚೆನ್ನಾಗಿ ಬಂತು."

"ಅಸಲು ಎಲ್ಲಿಟ್ಟಿದ್ದೀಯ?"

ಉಮೆಕಿಚಿ ಎದ್ದು ಹೋಗಿ ಹಾಳೆ ತಂದ. ಕೆತ್ತನೆಯಲ್ಲಿ ಎಲ್ಲಿ ತಪ್ಪಿದೆ ಎಂದು ಕೇಳಿದ.

"ತಪ್ಪಿಲ್ಲ. ಈ ಮನುಷ್ಯನ ತಲೆಯ ಮೇಲೆ ಕತ್ತಿ ಇದೆ. ಇವನು ನೋಡಿದರೆ ಉಂಡು ಮಲಗಿ ಎದ್ದವನ ಹಾಗಿದ್ದಾನೆ."

ಚೆರ್ರಿ ಹಲಗೆ ದುಬಾರಿ, ಎರಡೂ ಬದಿ ಕೆತ್ತುವುದು ವಾಡಿಕೆ. ಇಸಾಕು ಹಲಗೆ ಮಗುಚಿ ಹಾಕಿದ. ನುಣ್ಣನೆಯ ಬದಿಗೆ ಅಕ್ಕಿಯ ಅಂಟು ಸವರಿದ. ಶಿಷ್ಯ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅಸಲು ಚಿತ್ರ ಬೋರಲು ಬಿದ್ದು ಮರಕ್ಕೆ ಕಚ್ಚಿತ್ತು.

ಧಣಿಗೆ ಮೊದಲ ಬದಿಯ ಅಚ್ಚೇ ಸಾಕಿತ್ತು, ಅವನಿಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ಉಮೆಕಿಚಿ ಗೋಗರೆದ.

ಗುರು ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನೋಯುವ ಕೈಯಲ್ಲೇ ಮೊದಲ ಬದಿಯ ಮೂಗಿನ ಮೇಲೆ ಉಳಿ ಇಟ್ಟು ಒಂದೇಟು ಹಾಕಿದ. ಆ ಮುಖ ಮುಗಿಯಿತು.

ಮತ್ತೆ ಹಲಗೆ ತಿರುಗಿಸಿದ. ಅಂಟು ಹಿಡಿದ ಮೇಲೆ ಬೆರಳು ಒದ್ದೆ ಮಾಡಿಕೊಂಡು ಕಾಗದ ಉಜ್ಜಿದ. ಪೊರೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಕಪ್ಪು ಗೆರೆಗಳು ಒಂದೊಂದಾಗಿ ಮೇಲೆದ್ದವು: ಹುಬ್ಬು, ಬಿಗಿದ ತುಟಿ, ಮೂಗಿನ ಬುಡಕ್ಕೆ ಸರಿದ ಎರಡು ಕಣ್ಣು.

ಚೂರಿಯನ್ನು ಶಿಷ್ಯನ ಮುಂದೆ ಇಟ್ಟ.

ಉಮೆಕಿಚಿ ತೆಗೆದುಕೊಂಡ. ಚೂರಿಯ ತುದಿ ಕಣ್ಣಿನ ಗೆರೆಯ ಹತ್ತಿರ ಬಂತು, ನಿಂತಿತು, ಹಿಂದೆ ಸರಿಯಿತು.

"ಗುರುಗಳೇ, ಕೈ ನಡುಗುತ್ತಿದೆ. ನಡುಕ ನಿಂತ ಮೇಲೆ ಶುರು ಮಾಡುತ್ತೇನೆ."

"ನಿಂತ ಮೇಲೆ ಉಡುಪು ಕೆತ್ತುವೆಯಂತೆ. ಈಗ ಮುಖ ಕೆತ್ತು."