ಗಾಜಿನ ಪೆಟ್ಟಿಗೆಯ ಗಂಟೆ

"ಗುರುಗಳೇ, ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೂ ಕಷ್ಟ ಬಂದಾಗ ಜನ ನನ್ನ ಬಳಿಗೆ ಬರುವುದಿಲ್ಲ. ಏಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಇದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಅಂಥ ಒಂದು ಕೂಸು ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ, ಇನ್‌ಕ್ಯುಬೇಟರಿನಲ್ಲಿ, ಮಲಗಿತ್ತು. ಅದಕ್ಕೆ ಬೇಕಾದ ಆಮ್ಲಜನಕ ಕೊಳವೆಯಿಂದ ಬರುತ್ತಿತ್ತು. ಒಳಗೆ ಆಮ್ಲಜನಕ ಕಡಿಮೆಯಾದರೆ ಗಂಟೆ ಹೊಡೆಯುತ್ತಿತ್ತು.

ಒಂದು ಬೆಳಿಗ್ಗೆ ಗಂಟೆ ಹೊಡೆಯಿತು. ನರ್ಸ್ ಕೂಸಿನ ಮುಖ ನೋಡಿದಳು. ತುಟಿ ಕೆಂಪಗಿತ್ತು, ಉಸಿರು ಸರಿಯಾಗಿತ್ತು. ಸಿಲಿಂಡರ್ ತುಂಬಿತ್ತು. ಕೊಳವೆ ಎಲ್ಲೂ ಮಡಚಿರಲಿಲ್ಲ. ಆಮ್ಲಜನಕ ಅಳೆಯುವ ಸೆನ್ಸರನ್ನು ಹೊರತೆಗೆದು ಬರಿಯ ಗಾಳಿಗೆ ಹಿಡಿದಳು. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದು ಪಾಲು; ಅದನ್ನು ತೋರಿಸಬೇಕಾದದ್ದು ಹದಿನಾರು ತೋರಿಸಿತು. ಅದು ಹಳತಾಗಿತ್ತು. ಹೊಸದನ್ನು ಹಾಕಿದಳು. ಗಂಟೆ ನಿಂತಿತು.

ಮರುದಿನ ಮಧ್ಯಾಹ್ನ ಮತ್ತೆ ಅದೇ ಗಂಟೆ. ಜೊತೆಯ ನರ್ಸ್ ಕುಳಿತಲ್ಲಿಂದಲೇ, "ನಿನ್ನೆಯದೇ ಕಾಟ. ಗುಂಡಿ ಒತ್ತಿ ಸುಮ್ಮನಾಗಿಸು" ಎಂದಳು.

ಆದರೂ ಇವಳು ಎದ್ದು ಹೋದಳು. ಕೂಸಿನ ತುಟಿ ನೀಲಿಗಟ್ಟುತ್ತಿತ್ತು. ಬೇರೊಂದು ಕೊಳವೆ ಎಳೆದು ಕೂಸಿನ ಮೂಗಿನ ಬಳಿ ಆಮ್ಲಜನಕ ಹಿಡಿದಳು. ತುಟಿಗೆ ಬಣ್ಣ ಬರತೊಡಗಿದ ಮೇಲೆಯೇ ಉಳಿದದ್ದನ್ನು ನೋಡಿದಳು. ಸಿಲಿಂಡರ್ ಸರಿಯಾಗಿತ್ತು, ಕೊಳವೆ ಸರಿಯಾಗಿತ್ತು. ಸೆನ್ಸರ್ ಗಾಳಿಯಲ್ಲಿ ಇಪ್ಪತ್ತೊಂದನ್ನೇ ತೋರಿಸಿತು. ಹಾಗಾದರೆ ಪೆಟ್ಟಿಗೆ ಎಲ್ಲೋ ಸೋರುತ್ತಿದೆ.

ಪೆಟ್ಟಿಗೆಯ ಆಚೆ ಬದಿಗೆ ಕೂಸಿನ ತಾಯಿ ಒರಗಿ ನಿಂತಿದ್ದಳು. ಅವಳ ಸೆರಗಿನ ಮರೆಯಲ್ಲಿ ಕೈ ಹಾಕುವ ಕಿಂಡಿ ಎರಡು ಬೆರಳಿನಷ್ಟು ತೆರೆದಿತ್ತು. ಅವಳ ಕಿರುಬೆರಳು ಒಳಗಿತ್ತು. ಕೂಸು ಅದನ್ನು ಮುಷ್ಟಿಯಲ್ಲಿ ಹಿಡಿದಿತ್ತು.

ನರ್ಸಿಗೆ ಸಿಟ್ಟು ನಾಲಿಗೆಯವರೆಗೆ ಬಂತು.

ತಾಯಿ ಹೇಳಿದಳು: "ಹೆತ್ತು ಒಂಬತ್ತು ದಿನವಾಯಿತು, ಸಿಸ್ಟರ್. ಒಂದು ಸಲವೂ ಮುಟ್ಟಿರಲಿಲ್ಲ. ಬೆರಳು ಕೊಟ್ಟೆ, ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ."

ಈ ಒಂಬತ್ತು ದಿನವೂ 'ಮುಟ್ಟಬೇಡಿ' ಎಂದವಳು ತಾನೇ ಎಂದು ನರ್ಸಿಗೆ ನೆನಪಾಯಿತು. ಹೇಗೆ ಮುಟ್ಟಬಹುದು ಎಂದು ಒಂದು ದಿನವೂ ಹೇಳಿರಲಿಲ್ಲ. ಬಂದ ಮಾತನ್ನು ನುಂಗಿಕೊಂಡಳು. ತಾಯಿಯ ಬೆರಳನ್ನು ಮೆಲ್ಲಗೆ ಬಿಡಿಸಿ ಆ ಕಿಂಡಿ ಮುಚ್ಚಿದಳು. ತಾಯಿಯ ಕೈಯನ್ನು ಮೊಳಕೈವರೆಗೆ ತೊಳೆಸಿದಳು. ಪಕ್ಕದ ಇನ್ನೊಂದು ಕಿಂಡಿಗೆ ಮಣಿಕಟ್ಟನ್ನು ಬಿಗಿಯಾಗಿ ಅಪ್ಪುವ, ಅಂಗಿಯ ತೋಳಿನಂಥ ಹೊದಿಕೆಯಿತ್ತು. ಅದರೊಳಗಿಂದ ಕೈ ಹಾಕಿದರೆ ಗಾಳಿ ಸೋರುವುದಿಲ್ಲ. "ಹೀಗೆ ಬನ್ನಿ ಅಮ್ಮ. ಇಲ್ಲಿಂದ ಇಡೀ ಕೈ ಹೋಗುತ್ತದೆ" ಎಂದಳು.

ತಾಯಿ ಅಂಗೈಯನ್ನು ಕೂಸಿನ ಬೆನ್ನ ಮೇಲಿಟ್ಟಳು. ಒಳಗಿನ ಆಮ್ಲಜನಕ ಮೆಲ್ಲಗೆ ಏರಿತು. ಗಂಟೆ ನಿಂತಿತು.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು.

ಶಿಷ್ಯ ಕೂಡಲೇ, "ಹಾಗಾದರೆ ಎರಡನೆಯ ದಿನದ ತಪ್ಪು ತಾಯಿಯದಲ್ಲ, ಹೇಳಿಕೊಡದ ನರ್ಸಿನದು. ಸರಿಯಲ್ಲವೇ?" ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: "ಆ ಕೂಸು ಮನೆಗೆ ಹೋಯಿತೇ ಎಂದು ನೀನು ಕೇಳಲಿಲ್ಲವಲ್ಲ."