ದಪ್ಪಗಾದ ರೊಟ್ಟಿ

ಧನ್ಯವಾದ ಹೇಳಿದ ರೋಗಿ ಗುಣವಾಗಿದ್ದಾನೆ ಎಂದು ಆ ಹೃದ್ರೋಗ ವಿಭಾಗದಲ್ಲಿ ಆಗ ಎಲ್ಲರೂ ನಂಬಿದ್ದರು. ಅನುಕೂಲದ ನಂಬಿಕೆ. ಹೊರಗಿನ ಸಾಲು ಬೇಗ ಕರಗುತ್ತಿತ್ತು.

ಒಂದು ದಿನ ಅಲ್ಲಿ ಕಲಿಯುತ್ತಿದ್ದ ಐರಾವತಿ ಎಂಬ ವೈದ್ಯೆ ತನ್ನ ಗುರು ವೃಷಭೇಂದ್ರರನ್ನು ಕೇಳಿದಳು: "ಸರ್, ಹೊರಗೆ ಕೂತಿರುವ ಅಜ್ಜ ಆರಾಮಾಗಿದ್ದೇನೆ ಅಂದರು. ನನ್ನ ಕಾಲಿಗೆ ಬೀಳಲು ಬಂದರು. ಮಲಗಿಸಿ ನೋಡಿದೆ, ಪೇಸ್‌ಮೇಕರ್ ಸರಿಯಾಗಿದೆ. ಇನ್ನೂ ಅವರನ್ನು ಕೂರಿಸಿ, ಬಗ್ಗಿಸಿ, ನಡೆಸಿ ಯಾಕೆ ನೋಡಬೇಕು?"

ವೃಷಭೇಂದ್ರರಿಗೆ ಉಪದೇಶ ಎಂದರೆ ಆಕಳಿಕೆ ಬರುತ್ತಿತ್ತು. ಅವರು ಒಂದು ಕತೆ ಹೇಳಿದರು. ಕತೆಯ ವೈದ್ಯ ತಾವಲ್ಲ ಎಂದು ಮೊದಲೇ ತಿಳಿಸಿದರು.

ಒಬ್ಬ ಹೆಂಗಸು ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಅವಳು ಬಡಿದ ಜೋಳದ ರೊಟ್ಟಿ ಎಷ್ಟು ತೆಳುವೆಂದರೆ, ಬಸ್ಸು ತಪ್ಪಿದರೆ ತಪ್ಪಲಿ ಎಂದು ಜನ ಕೂತು ಉಣ್ಣುತ್ತಿದ್ದರು. ಒಂದು ದಿನ ಒಲೆಯ ಮುಂದೆಯೇ ಕಣ್ಣು ಕತ್ತಲಿಟ್ಟು ಬಿದ್ದಳು. ಅವಳ ಹೃದಯದ ಮೇಲಿನ ಕೋಣೆ ಸರಿಯಾಗಿಯೇ ಬಡಿಯುತ್ತಿತ್ತು. ಆದರೆ ಅದರ ಸುದ್ದಿ ಕೆಳಗಿನ ಕೋಣೆಗೆ ತಲುಪುತ್ತಿರಲಿಲ್ಲ. ದಾರಿ ಕೆಟ್ಟಿತ್ತು.

ಒಬ್ಬ ವೈದ್ಯ ಅವಳ ಕೆಳಗಿನ ಕೋಣೆಯಲ್ಲಿ ತಂತಿಯಿಲ್ಲದ ಪೇಸ್‌ಮೇಕರ್ ಕೂರಿಸಿದ. ಗಾತ್ರ ದೊಡ್ಡ ಗುಳಿಗೆಯಷ್ಟು. ಮೇಲಿನ ಕೋಣೆಗೆ ಅದರಿಂದ ಯಾವ ತಂತಿಯೂ ಹೋಗುವುದಿಲ್ಲ. ಮೇಲಿನವರು ನಡೆದಾಡಿದ್ದನ್ನು ಕೆಳಗಿನ ಮನೆಯವರು ಮಾಳಿಗೆಯ ಅಲುಗಾಟದಿಂದ ತಿಳಿಯುವಂತೆ, ಮೇಲಿನ ಕೋಣೆ ರಕ್ತವನ್ನು ನೂಕಿದಾಗ ಆಗುವ ಸಣ್ಣ ಅಲುಗಾಟವನ್ನು ಅದು ಹಿಡಿಯಬೇಕು. ಹಿಡಿದರೆ ಕೆಳಗಿನ ಕೋಣೆಯನ್ನು ಆ ಹೆಜ್ಜೆಗೆ ಸರಿಯಾಗಿ ಬಡಿಸುತ್ತದೆ. ಹಿಡಿಯದಿದ್ದರೆ ತನ್ನದೇ ನಿಧಾನದ ಗತಿಯಲ್ಲಿ ಬಡಿಸುತ್ತದೆ. ಜೀವ ಹೋಗುವುದಿಲ್ಲ. ದಮ್ಮು ಸಾಲುವುದಿಲ್ಲ, ಅಷ್ಟೇ.

ಎಷ್ಟು ಸಣ್ಣ ಅಲುಗಾಟದವರೆಗೆ ಕಿವಿಗೊಡಬೇಕು ಎಂಬುದಕ್ಕೆ ಯಂತ್ರದಲ್ಲಿ ಒಂದು ಗೆರೆ ಇರುತ್ತದೆ. ಗೆರೆಯ ಕೆಳಗಿನದೆಲ್ಲ ಬರೀ ಗದ್ದಲ ಎಂದು ಯಂತ್ರ ತಿಳಿಯುತ್ತದೆ. ವೈದ್ಯ ಅವಳನ್ನು ಮಂಚದ ಮೇಲೆ ಮಲಗಿಸಿದ. ಅವಳು ದೇವರ ಮುಂದೆ ಇರುವಂತೆ ಅಲ್ಲಾಡದೆ ಮಲಗಿದಳು. ಯಂತ್ರ ಹಿಡಿದದ್ದನ್ನು ತೋರಿಸುವ ಪರದೆಯ ಮೇಲೆ ಅಲುಗಾಟ ಎದ್ದು ಕಂಡಿತು. ಅದನ್ನು ನೋಡಿ ಅವನು ಗೆರೆ ಎಳೆದ. ಮನೆಗೆ ಕಳಿಸಿದ.

ಅಂದಿನಿಂದ ಅವಳು ಪ್ರತಿ ತಪಾಸಣೆಗೂ ಬಿಳಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಮೇಲೆ ಶೇಂಗಾ ಚಟ್ನಿ. "ಆರಾಮ ಅದೀನ್ರಿ ಸಾಹೇಬ್ರ, ನಿಮ್ಮ ಪುಣ್ಯಾ ದೊಡ್ಡದು," ಎನ್ನುತ್ತಿದ್ದಳು. ವೈದ್ಯ ಆರಾಮ ಎಂದು ಬರೆಯುತ್ತಿದ್ದ. ಅವನಿಗೂ ಮನೆಯಲ್ಲಿ ಅಂಥ ರೊಟ್ಟಿ ಸಿಗುತ್ತಿರಲಿಲ್ಲ. ಹಾಗಾಗಿ ಅವನ ಕೃತಜ್ಞತೆಯೂ ನಿಜವಾದದ್ದೇ.

ಒಂದು ಸಲ ಅವನು ರೊಟ್ಟಿ ಮುರಿದ. ದಪ್ಪಗಿತ್ತು. ಅಂಚು ಒಡೆದಿತ್ತು. ತನ್ನ ಪಾಲಿನದು ಹಾಳಾದಾಗ ಮನುಷ್ಯನಿಗೆ ಎಚ್ಚರವಾಗುತ್ತದೆ. ಅವನು ಹೊರಗೆ ಹೋಗಿ, ಬಾಗಿಲ ತನಕ ನಡೆದಿದ್ದ ಅವಳನ್ನು ವಾಪಸು ಕರೆದ.

"ಈ ರೊಟ್ಟಿ ಯಾರು ಬಡದದ್ದು?"

"ಸೊಸಿ ಬಡದಾಳ್ರಿ. ಅಕೀ ಕೈ ಇನ್ನೂ ಕೂತಿಲ್ಲ, ಈ ಸಲ ತಿಂದ ಬಿಡ್ರಿ."

"ನಿಮಗೇನಾತು?"

"ಎರಡ ರೊಟ್ಟಿ ಬಡಿಯೂದ್ರಾಗ ದಮ್ಮ ಹತ್ತತೈತ್ರಿ. ಮಷಿನ್ ಹಾಕಿಸ್ಕೊಂಡಾವ್ರಿಗೆ ಅಷ್ಟ ಇರೂದ ಅಲ್ಲೇನ್ರಿ. ಗಿರಾಕಿ ಬ್ಯಾರೆ ಕಡೆ ಹೊಂಟಾರ. ದೀಪಾವಳಿ ಆದ ಮ್ಯಾಲೆ ಖಾನಾವಳಿ ಬಾಗಲಾ ಹಾಕೂಣಂತ ಮಾಡೀನಿ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಜೀವಾ ಉಳಿಸಿದವ್ರ ಮುಂದ ದೂರ ಹೇಳೂದಾ?"

ವೈದ್ಯ ಕ್ಯಾಂಟೀನಿನಿಂದ ಜೋಳದ ಹಿಟ್ಟು, ಬಿಸಿನೀರು, ಒಂದು ಹಲಗೆ ತರಿಸಿದ. ತಪಾಸಣೆ ಕೋಣೆಯ ನೆಲದ ಮೇಲೆ ಅವಳನ್ನು ಕೂರಿಸಿದ. "ಒಲಿನೂ ತರೂಣೇನ್ರಿ ಸರ್, ಅಥವಾ ಹಸೀದ ತಿಂತೀರಿ?" ಎಂದು ನರ್ಸ್ ಕೇಳಿದಳು. ವೈದ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೆಂಗಸು ನಾಚಿಕೊಂಡು ಹಿಟ್ಟು ಮಿದ್ದಳು, ಮುಂದಕ್ಕೆ ಬಾಗಿದಳು, ಬಡಿಯತೊಡಗಿದಳು.

ಬಾಗಿ ಕೂತ ಕೂಡಲೇ ಮೇಲಿನ ಕೋಣೆಯ ಅಲುಗಾಟ ಪರದೆಯ ಮೇಲೆ ಕುಗ್ಗಿತು. ಅವನು ಎಳೆದ ಗೆರೆಯ ಕೆಳಗೆ ಇಳಿಯಿತು. ಅವಳು ಬಡಿದಷ್ಟೂ ಮೇಲಿನ ಕೋಣೆ ಓಡುತ್ತಿತ್ತು. ಯಂತ್ರ ಕಿವುಡಾಗಿ ತನ್ನ ಪಾಡಿಗೆ ನಿಧಾನ ಬಡಿಸುತ್ತಿತ್ತು. ಅವಳ ತುಟಿ ಬಿಳಿಚಿತು. ಅವಳು ಬದುಕಲು ಏನು ಮಾಡುತ್ತಾಳೋ ಅದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಆ ಗೆರೆ ಸರಿಯಾಗಿತ್ತು.

ಅವನು ಗೆರೆಯನ್ನು ಕೆಳಗಿಳಿಸಿದ. ಒಮ್ಮೆಲೇ ಇಳಿಸುವಂತಿರಲಿಲ್ಲ. ಬಹಳ ಇಳಿದರೆ ಯಂತ್ರ ಅವಳ ಕೈಯ ಏಟನ್ನೂ ಹೃದಯವೆಂದೇ ಭ್ರಮಿಸಿ ಸುಮ್ಮಸುಮ್ಮನೆ ಓಡಿಸುತ್ತದೆ. ಒಮ್ಮೆ ಹಾಗೂ ಆಯಿತು, ಅವಳು ಎದೆ ಹಿಡಿದುಕೊಂಡಳು. ಅವನು ಮತ್ತೆ ಕೂದಲೆಳೆಯಷ್ಟು ಏರಿಸಿದ. ಅವಳು ಬಡಿಯುತ್ತಾ ಹೋದಳು, ಅವನು ಸರಿಪಡಿಸುತ್ತಾ ಹೋದ. ಕೊನೆಗೆ ಮೇಲಿನ ಕೋಣೆಯೂ ಕೆಳಗಿನ ಕೋಣೆಯೂ ಒಂದೇ ಹೆಜ್ಜೆಗೆ ಬಂದವು. ಅವಳು ದಮ್ಮು ಹತ್ತದೆ ಬಡಿದ ರೊಟ್ಟಿಗಳು ಆಸ್ಪತ್ರೆಯ ಹಾಳೆಗಳ ಮೇಲೆ ಹಸಿಯಾಗಿ ಬಿದ್ದಿದ್ದವು. ತೆಳ್ಳಗಿದ್ದವು. ಕ್ಯಾಂಟೀನಿನವನು ಬೈಯುತ್ತಲೇ ಬೇಯಿಸಿಕೊಟ್ಟ. ವಿಭಾಗದವರೆಲ್ಲ ತಿಂದರು.

ಮುಂದಿನ ತಪಾಸಣೆಗೆ ಅವಳು ಬರಿಗೈಯಲ್ಲಿ ಬಂದಳು. ಕುರ್ಚಿಯ ತುದಿಯಲ್ಲಿ ಕೂತಳು. "ಲಗೂ ನೋಡ್ರಿ ಸಾಹೇಬ್ರ, ಮಂದಿ ಊಟಕ್ಕ ಬರೂ ಹೊತ್ತಾತು," ಎಂದಳು. ನೋಡಿ ಮುಗಿಯುವ ಮೊದಲೇ ಸೆರಗು ಬಿಗಿದು ಎದ್ದಳು. ಹಿಂತಿರುಗಿಯೂ ನೋಡದೆ ಹೋದಳು. ವೈದ್ಯ ಎದ್ದು ನಿಂತು ಅವಳ ಬೆನ್ನಿಗೆ ಕೈಮುಗಿದ. ಅಂದು ಮಧ್ಯಾಹ್ನ ಕ್ಯಾಂಟೀನಿನ ತಣ್ಣನೆಯ ಅನ್ನವನ್ನು ಬಹಳ ಸಂತೋಷದಿಂದ ಉಂಡ.

ಕತೆ ಅಲ್ಲಿಗೆ ನಿಂತಿತು. ಐರಾವತಿ ಕೇಳಿದಳು:

"ಅವತ್ತು ಅವಸರ ಇದ್ದಿರಬಹುದು ಸರ್. ಆಮೇಲಾದರೂ ಬಂದು ಥ್ಯಾಂಕ್ಸ್ ಹೇಳಿರಬೇಕಲ್ಲ?"

"ಗುಣವಾದ ಮೇಲೆ ಆಕೆ ಒಂದು ಸಲವೂ ಹೇಳಲಿಲ್ಲ."